ಹೇಳಿದಷ್ಟು ನೀರು

ನನ್ನ ಕೈಗುಣದ ಬಗ್ಗೆ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ನನ್ನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತು ಎದ್ದುಹೋದ ಹೆಂಗಸರಿಗೆ ಮಾತ್ರ. ಅತ್ತಿಗೆ ಒಂದು ದಿನವೂ ಆ ಕುರ್ಚಿಯಲ್ಲಿ ಕೂತವರಲ್ಲ. ಅವರು ಹೋಗುವುದು ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಪಾರ್ಲರಿಗೆ, ಒಳಗೆ ಕಾಲಿಟ್ಟ ಕೂಡಲೇ ಕಾಫಿ ಕೊಡುವ ಕಡೆಗೆ. ಹೋಗಲಿ, ಅವರ ತಲೆ, ಅವರಿಷ್ಟ. ಆದರೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ, ನಮ್ಮ ನಾದಿನಿಯ ಕೈ ತಾಗಿದ್ದು ಯಾವುದೂ ಉಳಿಯುವುದಿಲ್ಲ ಎಂದು ಸಾರಿದರಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನದು ಎರಡೇ ಕುರ್ಚಿಯ ಪಾರ್ಲರ್. ಒಂದು ಹಳೆಯ ಕಟ್ಟಡದ ಮೆಟ್ಟಿಲ ಪಕ್ಕದ ಕೋಣೆ. ಕನ್ನಡಿಯ ಒಂದು ಮೂಲೆ ಒಡೆದಿದೆ, ಅದರ ಮೇಲೆ ಶಾಂಪೂ ಕಂಪನಿಯವರು ಕೊಟ್ಟ ಸ್ಟಿಕ್ಕರ್ ಅಂಟಿಸಿದ್ದೇನೆ. ಫ್ಯಾನ್ ತಿರುಗಿದರೆ ನೆಲದ ಮೇಲಿನ ಕೂದಲೆಲ್ಲ ಬಾಗಿಲ ಹತ್ತಿರ ಗುಡ್ಡೆಯಾಗುತ್ತದೆ. ಇಂಥಲ್ಲಿಗೆ ಹೆಂಗಸರು ಬಸ್ಸು ಹತ್ತಿಕೊಂಡು ಬರುತ್ತಾರೆ ಎಂದರೆ ಅದಕ್ಕೆ ಒಂದೇ ಕಾರಣ: ನಾನು ತುದಿ ಕತ್ತರಿಸಿದರೆ ಕೂದಲು ದಟ್ಟವಾಗಿ ಬೆಳೆಯುತ್ತದಂತೆ. ಈ ಮಾತು ಯಾರು ಹುಟ್ಟಿಸಿದರೋ ನನಗೆ ತಿಳಿಯದು. ಅದು ನಿಜವೋ ಅಲ್ಲವೋ ಅದೂ ತಿಳಿಯದು. ತಾನಾಗಿ ಬಂದ ಹೆಸರನ್ನು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಕೈಗುಣ ಎನ್ನುವುದು ಕಣ್ಣಿಗೆ ಕಾಣುವ ವಸ್ತುವಲ್ಲ, ಜನರ ಬಾಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನನ್ನ ಅನ್ನ ಇರುವುದು ಆ ಬಾಯಿಮಾತಿನ ಮೇಲೆ.

ಅಣ್ಣ, ಅತ್ತಿಗೆ ಇರುವುದು ಹಿಂದಿನ ಬೀದಿಯ ದೊಡ್ಡ ಕಟ್ಟಡದಲ್ಲಿ. ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಆ ಕಟ್ಟಡದವರೇ. ಅತ್ತಿಗೆ ಒಂದು ಮಾತ್ರೆ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದ ಮುಖ್ಯಸ್ಥೆ. ಅಲ್ಲಿ ಒಂದೇ ಡಬ್ಬವನ್ನು ಮೂರು ಜನ ಬೇರೆಬೇರೆಯಾಗಿ ಎಣಿಸುತ್ತಾರಂತೆ, ಒಬ್ಬರು ಎಣಿಸಿದ್ದು ಇನ್ನೊಬ್ಬರಿಗೆ ಗೊತ್ತೇ ಆಗಬಾರದಂತೆ. ಔಷಧಿಯ ವಿಷಯದಲ್ಲಿ ಒಳ್ಳೆಯ ಕ್ರಮವೇ, ಯಾರು ಬೇಡ ಅಂದರು? ಕಷ್ಟವೇನೆಂದರೆ ಅತ್ತಿಗೆ ಸಂಜೆ ಕಾರ್ಖಾನೆಯ ಕೋಟನ್ನು ಅಲ್ಲೇ ತೂಗುಹಾಕಿ ಬರುತ್ತಾರೆ, ಕ್ರಮವನ್ನು ಮಾತ್ರ ಮನೆಗೆ ತರುತ್ತಾರೆ. ಗ್ಯಾಸ್ ಆರಿಸಿದ್ದೀರಾ ಎಂದು ಅಣ್ಣನನ್ನು ಕೇಳಿ, ಅವನು ಹೂಂ ಅಂದ ಮೇಲೆ ಮನೆಗೆ ಬಂದವರನ್ನು ಕೇಳಿ, ಕೊನೆಗೆ ತಾವೇ ಎದ್ದು ಹೋಗಿ ನೋಡುತ್ತಾರೆ. ನಾವೆಲ್ಲ ನಗುತ್ತಿದ್ದೆವು.

ಅವರ ಮನೆ ತುಂಬ ಗಿಡ. ಕಿಟಕಿಯ ಕಟ್ಟೆಯ ಮೇಲೆ ಕಳ್ಳಿ, ಲೋಳೆಸರ. ಟೀವಿಯ ಪಕ್ಕದಿಂದ ಹೊರಟು ಗೋಡೆ ಸುತ್ತಿ ಬರುವ ಮನಿಪ್ಲಾಂಟ್. ಬಾಲ್ಕನಿಯ ಬಾಗಿಲ ಹತ್ತಿರ ಜರೀಗಿಡ, ಊಟದ ಮೇಜಿನ ಮೇಲೆ ಒಂದು ಆರ್ಕಿಡ್. ಅದು ಹೂ ಬಿಟ್ಟಾಗ ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದ್ದರು, ಮಗು ಹುಟ್ಟಿದ ಸುದ್ದಿ ಕಳಿಸುವ ಹಾಗೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಎಲೆಯನ್ನೂ ಒರೆಸುತ್ತಾರೆ. ಆ ಗಿಡಗಳ ಮೇಲೆ ಅವರಿಗೆ ಪ್ರಾಣ, ಅದನ್ನು ನಾನು ಇಲ್ಲ ಎನ್ನುವುದಿಲ್ಲ.

ಈ ಸಲ ರಜೆಗೆ ಇಬ್ಬರೂ ಸಮುದ್ರದ ಊರಿಗೆ ಹೊರಟರು. ಹೊರಡುವ ಮುಂಚೆ ಅತ್ತಿಗೆ ನನ್ನನ್ನು ಕರೆಸಿಕೊಂಡು ಬಾಗಿಲ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ದಿನಾ ಬರಬೇಕು, ದೊಡ್ಡ ಕುಂಡಕ್ಕೆ ಒಂದು ಮಗ್, ಸಣ್ಣದಕ್ಕೆ ಅರ್ಧ, ಕಳ್ಳಿಗೂ ಲೋಳೆಸರಕ್ಕೂ ಬಾಟಲಿಯ ಮುಚ್ಚಳದಲ್ಲಿ ಒಂದೊಂದು ಮುಚ್ಚಳ ಎಂದು ಪ್ರತಿಯೊಂದು ಕುಂಡದ ಮುಂದೆಯೂ ನಿಲ್ಲಿಸಿ ತೋರಿಸಿದರು.

“ಹೇಳಿದಷ್ಟು ಹಾಕು, ಪುಟ್ಟಿ. ನಿನ್ನ ತಲೆ ಓಡಿಸಬೇಡ” ಎಂದರು.

ಪುಟ್ಟಿ ಎಂದರೆ ನಾನು. ಓದಲು ಕನ್ನಡಕ ಬಂದಿದೆ, ಮಂಡಿ ಹಿಡಿದುಕೊಳ್ಳುತ್ತದೆ, ಆದರೂ ಈ ಮನೆಯಲ್ಲಿ ನಾನು ಪುಟ್ಟಿಯೇ. ತಲೆ ಓಡಿಸಬೇಡ ಎಂದದ್ದು ಚುಚ್ಚಿತು, ಆದರೆ ಸುಳ್ಳೇಕೆ ಹೇಳಲಿ, ಕೀಲಿ ಕೊಟ್ಟದ್ದಕ್ಕೆ ಖುಷಿಯಾಯಿತು. ಮದುವೆಯಾಗಿ ಬಂದಾಗಿನಿಂದ ಅತ್ತಿಗೆ ನನ್ನ ಕೈಗೆ ಒಂದು ಗಾಜಿನ ಲೋಟ ಕೊಟ್ಟರೂ ಅದು ಮೇಜಿಗೆ ಮುಟ್ಟುವ ತನಕ ಕಣ್ಣು ತೆಗೆಯುತ್ತಿರಲಿಲ್ಲ. ಈಗ ಇಡೀ ಮನೆಯನ್ನೇ ನಂಬಿ ಕೊಟ್ಟಿದ್ದಾರೆ ಎಂದು ನಾನು ಮೆಟ್ಟಿಲಿಳಿಯುವಾಗ ಒಬ್ಬಳೇ ನಕ್ಕೆ.

ಪಾರ್ಲರ್ ತೆರೆಯುವ ಮುಂಚೆ, ಬೆಳಿಗ್ಗೆ, ಹೋಗಿ ನೀರು ಹಾಕಿ ಬರುವುದು ನನ್ನ ರೂಢಿಯಾಯಿತು. ಮೊದಲ ಸಲವೇನೋ ಸರಿಯಿತ್ತು. ಆಮೇಲಿನ ದಿನ ಬೆರಳಿಟ್ಟು ನೋಡಿದರೆ ಮಣ್ಣು ನಾನು ಬರುವ ಮೊದಲೇ ಒದ್ದೆ. ಅದರ ಮರುದಿನ ಇನ್ನೂ ಒದ್ದೆ, ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆ. ದಿನವಿಡೀ ಒದ್ದೆ ತಲೆಯಲ್ಲಿ ಬೆರಳಾಡಿಸುವವಳು ನಾನು. ಯಾವುದು ಒದ್ದೆ, ಯಾವುದು ತೇವ, ಯಾವುದು ಒಣಗಿದ್ದು ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಅದಕ್ಕೇ ಅಲ್ಲಿಂದಲೇ ಅತ್ತಿಗೆಗೆ ಫೋನ್ ಮಾಡಿದೆ. ಮಣ್ಣು ಚೆನ್ನಾಗಿ ಒದ್ದೆಯಿದೆ, ಎರಡು ದಿನ ಬಿಟ್ಟು ಹಾಕಲೇ ಎಂದು ಕೇಳಿದೆ. ಮೇಲೆ ಒದ್ದೆ ಇದ್ದರೂ ಬೇರಿನ ಹತ್ತಿರ ಒಣಗಿರುತ್ತದೆ, ಹೇಳಿದಷ್ಟು ಹಾಕು ಎಂದರು. ಹಾಕಿದೆ.

ಅಷ್ಟರಲ್ಲಿ ಇನ್ನೊಂದು ವಿಚಿತ್ರ. ನೀರಿನ ಮಗ್ಗನ್ನು ನಾನು ಬಚ್ಚಲಲ್ಲಿ ಬೋರಲು ಹಾಕಿ ಹೋಗಿದ್ದರೆ ಬೆಳಿಗ್ಗೆ ಅದು ಅಡಿಗೆಮನೆಯ ಸಿಂಕಿನ ಪಕ್ಕ ನೆಟ್ಟಗೆ ಕೂತಿರುತ್ತಿತ್ತು. ಬಾಲ್ಕನಿಯ ನೆಲದ ಮೇಲೆ ನನ್ನದಲ್ಲದ ಚಪ್ಪಲಿಯ ಕೆಸರು ಗುರುತು. ಕಳ್ಳ ಬಂದಿದ್ದಾನೆ ಎನ್ನೋಣವೆಂದರೆ ಮಗ್ ಎತ್ತಿಟ್ಟು ಟೀವಿ ಬಿಟ್ಟುಹೋಗುವ ಕಳ್ಳ ಯಾವ ಲೋಕದಲ್ಲಿದ್ದಾನೆ? ಮತ್ತೆ ಫೋನ್ ಮಾಡಿ, ಈ ಮನೆಗೆ ಬೇರೆ ಯಾರಾದರೂ ಬರುತ್ತಿದ್ದಾರಾ ಅತ್ತಿಗೆ ಎಂದು ನೇರವಾಗಿ ಕೇಳಿದೆ. ಆ ಕಡೆಯಿಂದ ಅಲೆಗಳ ಸದ್ದು ಕೇಳುತ್ತಿತ್ತು.

“ಕೀಲಿ ನಿನ್ನ ಹತ್ತಿರ ತಾನೆ ಇರೋದು? ಮತ್ಯಾರು ಬರ್ತಾರೆ, ದೆವ್ವ ಬಂದು ಮಗ್ ಎತ್ತಿಡುತ್ತಾ?” ಎಂದರು. ಅಷ್ಟಕ್ಕೇ ಬಿಡಲಿಲ್ಲ: “ದಿನಾ ಬರೋಕೆ ಬೇಜಾರಾದ್ರೆ ಬಾಯಿಬಿಟ್ಟು ಹೇಳು. ಒದ್ದೆ ಗಿದ್ದೆ ಅಂತ ನೆಪ ಹೇಳಬೇಡ.”

ನೆಪ. ಮಂಡಿನೋವಿನಲ್ಲಿ ದಿನಾ ಅಷ್ಟು ಮೆಟ್ಟಿಲು ಹತ್ತಿ ಇಳಿಯುವವಳಿಗೆ ಆ ಮಾತು. ಆ ಕಟ್ಟಡದ ಲಿಫ್ಟು ಕೆಟ್ಟು ಕೂತಿತ್ತು, ಅದನ್ನು ನಾನು ಹೇಳಿಕೊಂಡಿರಲೂ ಇಲ್ಲ. ಫೋನ್ ಇಟ್ಟ ಮೇಲೆ ಆ ಜರೀಗಿಡದ ಮುಂದೆ ನಿಂತು ಸಿಟ್ಟಿನಿಂದ ಅತ್ತೆ. ಅವತ್ತಿನಿಂದ ನಾನು ಏನೂ ಹೇಳಲಿಲ್ಲ. ಹೇಳಿದಷ್ಟು ಹಾಕಿದೆ, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ. ಎಲೆ ಹಳದಿಯಾದಾಗ ಮನಸ್ಸು ತಡೆಯದೆ ಫೋಟೋ ತೆಗೆದು ಕಳಿಸಿದೆ. ಅದಕ್ಕೆ, ನೀರು ಸಾಲುತ್ತಿಲ್ಲ ಎಂದು ಕಾಣುತ್ತದೆ, ಹಾಕುತ್ತಿದ್ದೀಯೋ ಇಲ್ಲವೋ ಎಂದು ಉತ್ತರ ಬಂತು.

ಅವರು ವಾಪಸು ಬರುವ ಹೊತ್ತಿಗೆ ಗಿಡಗಳ ಕತೆ ಮುಗಿದಿತ್ತು. ಲೋಳೆಸರದ ಎಲೆಗಳು ಬೆಂದ ಹಾಗೆ ಮೆತ್ತಗಾಗಿ ಕುಂಡದ ಅಂಚಿಗೆ ಒರಗಿದ್ದವು. ಕಳ್ಳಿಯನ್ನು ಮುಟ್ಟಿದರೆ ಬುಡದಿಂದಲೇ ಕಳಚಿ ಬರುತ್ತಿತ್ತು. ಆರ್ಕಿಡ್ ಬೇರು ಕೊಳೆತು ನಾರುತ್ತಿತ್ತು, ಮಣ್ಣಿನ ಮೇಲೆಲ್ಲ ನುಸಿ. ಅತ್ತಿಗೆ ಚೀಲ ಕೆಳಗಿಡುವ ಮುಂಚೆ ನನಗೆ ಫೋನ್ ಮಾಡಿದರು. ಅವರು ಅಳುತ್ತಿದ್ದರು. ಹೇಳಿದಷ್ಟೇ ಹಾಕಿದ್ದೇನೆ ಎಂದು ಆಣೆ ಮಾಡಿ ಹೇಳಿದೆ.

“ಹಾಗಾದ್ರೆ ನಿನ್ನ ಕೈಗುಣವೇ ಅಷ್ಟು” ಎಂದರು ಅತ್ತಿಗೆ.

ಆಮೇಲೆ ಅಣ್ಣ ಫೋನ್ ಇಸಿದುಕೊಂಡು, ಬಿಡು ಪುಟ್ಟಿ, ಗಿಡ ತಾನೆ ಎಂದ. ಅವನು ಯಾವಾಗಲೂ ಹಾಗೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಷ್ಟಕ್ಕೇ ಮುಗಿದಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆ. ಅತ್ತಿಗೆ ಸತ್ತ ಕುಂಡಗಳನ್ನು ತಮ್ಮ ಬಾಗಿಲ ಮುಂದೆ ಸಾಲಾಗಿ ಇಟ್ಟರು, ಕಸದವರು ಒಯ್ಯಲಿ ಎಂದು. ಲಿಫ್ಟು ಕೆಟ್ಟ ಕಟ್ಟಡದಲ್ಲಿ ಹತ್ತುವವರು ಇಳಿಯುವವರೆಲ್ಲ ಆ ಸಾಲಿನ ಮುಂದೆಯೇ ಹಾಯಬೇಕು. ನಿಂತವರೆಲ್ಲ ಏನಾಯಿತು ಎಂದು ಕೇಳಿದರು, ಕೇಳಿದವರಿಗೆಲ್ಲ ಅತ್ತಿಗೆ ಹೇಳಿದರು. ಸುದ್ದಿ ಅವರಿಗಿಂತ ಮುಂಚೆ ಮೆಟ್ಟಿಲಿಳಿದು ನನ್ನ ಪಾರ್ಲರಿಗೆ ಬಂತು. ಪ್ರತಿ ತಿಂಗಳೂ ತುದಿ ಕತ್ತರಿಸಿಕೊಳ್ಳುವ ಒಬ್ಬಾಕೆ ಬಂದು ಕೂತು, ಇವತ್ತು ಹುಬ್ಬು ಮಾತ್ರ ಮಾಡಿ, ಕೂದಲು ಬೇಡ ಎಂದಳು. ಹುಬ್ಬು ಮತ್ತೆ ಬೆಳೆಯದಿದ್ದರೆ ಲಾಭವೇ ಎಂದುಕೊಂಡಿದ್ದಳೋ ಏನೋ. ಇನ್ನೊಬ್ಬಳು ಮಗಳನ್ನು ಕರೆತಂದವಳು ಬಾಗಿಲಲ್ಲೇ ಏನೋ ನೆನಪಾದವಳ ಹಾಗೆ ಹಣೆ ಚಚ್ಚಿಕೊಂಡು ಹಿಂತಿರುಗಿದಳು. ನನಗೇನು ಅರ್ಥವಾಗುವುದಿಲ್ಲವೇ? ಕನ್ನಡಿಯ ಮುಂದೆ ನಿಂತು ಕೆಲಸ ಮಾಡುವವಳಿಗೆ ಬೆನ್ನ ಹಿಂದಿನ ಮುಖಗಳೂ ಕಾಣುತ್ತವೆ.

ಇವರೆಲ್ಲ ಹೋಗಲಿ. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಲೈಬ್ರರಿ ಮೇಡಂ ವಿಷಯದಲ್ಲಿ.

ಅವರೂ ಅದೇ ಕಟ್ಟಡದವರು, ಅತ್ತಿಗೆಯ ಮೇಲಿನ ಮಹಡಿ. ದೊಡ್ಡ ಕಾಯಿಲೆ ಬಂದು, ಔಷಧಿಗೆ ತಲೆಗೂದಲೆಲ್ಲ ಉದುರಿತ್ತು. ಉದುರುವ ಮುಂಚೆ ಸೊಂಟದ ತನಕ ಇದ್ದ ಆ ಕೂದಲನ್ನು ನಾನೇ ವರ್ಷಗಟ್ಟಲೆ ನೋಡಿಕೊಂಡಿದ್ದೆ. ಈಗ ಅವರು ಗುಣವಾಗಿ, ಕೂದಲು ಹೊಸದಾಗಿ ಹುಟ್ಟಿ ಬೆರಳುದ್ದ ಬಂದಿತ್ತು. ಮಗುವಿನ ಕೂದಲಿನ ಹಾಗೆ ಮೆತ್ತಗೆ, ಒಂದು ಕಡೆ ಗುಂಗುರು, ಇನ್ನೊಂದು ಕಡೆ ನೆಟ್ಟಗೆ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಆಗಾಗ ಬಂದು, ಬಾಗಿಲು ಮುಂದೆಮಾಡಿ, ಸ್ಕಾರ್ಫ್ ಬಿಚ್ಚಿ, ಈಗ ಕತ್ತರಿ ಹಾಕಬಹುದಾ ಎಂದು ಕೇಳುತ್ತಿದ್ದರು. ಇನ್ನೂ ಸ್ವಲ್ಪ ದಿನ ಎಂದು ನಾನೇ ತಡೆಯುತ್ತಿದ್ದೆ. ಮೊದಲ ಕತ್ತರಿ ನಿಮ್ಮ ಕೈಯಿಂದಲೇ ಆಗಬೇಕು ಎಂದು ಅವರು ಎಷ್ಟು ಸಲ ಹೇಳಿದ್ದರೋ. ಕೊನೆಗೆ ಸರಿ, ಬನ್ನಿ, ತುದಿಯನ್ನಷ್ಟೇ ಸವರಿ ಎರಡೂ ಕಡೆ ಹೊಂದಿಸೋಣ ಎಂದು ದಿನ ಗೊತ್ತುಮಾಡಿದ್ದೆ. ಅದಕ್ಕಾಗಿ ಕತ್ತರಿಯನ್ನು ಸಾಣೆ ಹಿಡಿಸಿ ತಂದಿದ್ದೆ. ಇಷ್ಟು ವರ್ಷದಲ್ಲಿ ಯಾರ ತಲೆಗೂ ನಾನು ಅಷ್ಟು ಆಸೆಯಿಂದ ಕಾದಿರಲಿಲ್ಲ.

ಅತ್ತಿಗೆ ಬಂದ ಮೇಲೆ ಮೇಡಂ ಫೋನ್ ಮಾಡಿ, ಸ್ವಲ್ಪ ದಿನ ಬಿಟ್ಟು ಬರುತ್ತೇನೆ, ಈಗ ಅನುಕೂಲವಿಲ್ಲ ಎಂದರು. ಎಂದೂ ಇಲ್ಲದ ತೊದಲು. ನಾನು ಆಗಲಿ ಮೇಡಂ ಎಂದೆ. ಕಳೆದುಕೊಂಡು ಪಡೆದವರಿಗೆ ಹೆದರಿಕೆ ಹೆಚ್ಚು, ಅವರ ಮೇಲೆ ಹೇಗೆ ಸಿಟ್ಟು ಮಾಡಲಿ? ಸಿಟ್ಟೆಲ್ಲ ಒಂದೇ ಕಡೆ ಹೋಗಿ ನಿಂತಿತು.

ಹೀಗಿರುವಾಗ ಟೀಚರ್ ಬಂದರು. ಅತ್ತಿಗೆಯ ಎದುರುಮನೆಯವರು, ಗಣಿತ ಕಲಿಸಿ ನಿವೃತ್ತರಾದವರು, ತಿಂಗಳಿಗೊಮ್ಮೆ ನನ್ನಲ್ಲಿ ಡೈ ಹಚ್ಚಿಸಿಕೊಳ್ಳುತ್ತಾರೆ. ಗಾಳಿಸುದ್ದಿಗೆ ಸೊಪ್ಪು ಹಾಕುವ ಪೈಕಿಯಲ್ಲ. ಬಟ್ಟಲಲ್ಲಿ ಡೈ ಕಲಸಿ ಬೈತಲೆಯಿಂದ ಹಚ್ಚುತ್ತಾ ಬಂದೆ. ಅರ್ಧ ತಲೆ ಆಗಿತ್ತು. ಕನ್ನಡಿಯಲ್ಲಿ ನನ್ನ ಮುಖ ನೋಡಿ ಅವರೇ ಮಾತು ತೆಗೆದರು. ಗಿಡ ಸತ್ತದ್ದಕ್ಕೆ ನೀವ್ಯಾಕೆ ಇಷ್ಟು ಬಾಡಿದ್ದೀರಿ, ಹಾಗೆ ನೋಡಿದರೆ ನನ್ನದೂ ತಪ್ಪು ಇರಬೇಕಲ್ಲ ಎಂದರು. ನಿಮ್ಮದೇನು ತಪ್ಪು ಟೀಚರ್ ಎಂದೆ.

“ನಾನೂ ದಿನಾ ಮಧ್ಯಾಹ್ನ ನೀರು ಹಾಕ್ತಿದ್ದೆನಲ್ಲ. ಕೀಲಿ ಕೊಟ್ಟು ಹೋಗಿದ್ರು. ಯಾವಾಗ ನೋಡಿದ್ರೂ ಮಣ್ಣು ಒದ್ದೆ ಇರೋದು. ಫೋನ್ ಮಾಡಿ ಹೇಳಿದೆ. ನಾನು ಹೇಳಿದಷ್ಟು ಹಾಕಿ ಅಂದ್ರು” ಎಂದರು ಟೀಚರ್.

ಬ್ರಶ್ಶು ನನ್ನ ಕೈಯಲ್ಲೇ ನಿಂತುಬಿಟ್ಟಿತು. ಡೈ ಅವರ ಕಿವಿಯ ಮೇಲೆ ತೊಟ್ಟಿಕ್ಕಿತು. ನಾನು ಬೆಳಿಗ್ಗೆ ಹಾಕುತ್ತಿದ್ದೆ ಎಂದೆ. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದೆವು. ಟೀಚರಿಗೆ ಲೆಕ್ಕ ಬಿಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮನೆಗೆ ಬೇರೆ ಯಾರಾದರೂ ಬರುತ್ತಾರಾ ಎಂದು ನಾನು ಕೇಳಿದಾಗ ಅತ್ತಿಗೆ ಹೇಳಿದ ಮಾತನ್ನು ಅವರಿಗೆ ಒಪ್ಪಿಸಿದೆ. ದೆವ್ವ ಎಂದದ್ದನ್ನೂ ಹೇಳಿದೆ. ಹಾಗಾದರೆ ಆ ದೆವ್ವ ನಾನೇ ಎಂದು ಟೀಚರ್ ನಕ್ಕರು, ಆದರೆ ಅವರ ಮುಖ ಕೆಂಪಾಗಿತ್ತು. ಅವರಿಗೂ ಅತ್ತಿಗೆ, ನೀವೊಬ್ಬರೇ ದಿಕ್ಕು ಟೀಚರ್, ಬೇರೆ ಯಾರನ್ನೂ ನಂಬುವ ಹಾಗಿಲ್ಲ ಎಂದಿದ್ದರಂತೆ.

ಉಳಿದರ್ಧ ತಲೆಗೆ ಹೇಗೆ ಹಚ್ಚಿದೆನೋ ಗೊತ್ತಿಲ್ಲ. ಡೈ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಆ ಹೊತ್ತನ್ನು ಕುರ್ಚಿಯಲ್ಲಿ ಕೂತು ಕಳೆಯುವ ತಾಳ್ಮೆ ಟೀಚರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅವರ ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿ, ಹೆಗಲ ಮೇಲೆ ಟವೆಲ್ ಹೊದಿಸಿ, ಪಾರ್ಲರಿಗೆ ಚಿಲಕ ಹಾಕಿ ಹೊರಟೆವು. ರಸ್ತೆಯಲ್ಲಿ ಜನ ತಿರುಗಿ ತಿರುಗಿ ನೋಡಿದರು. ಬಿಸಿಲಿಗೆ ಟೀಚರ ಹಣೆಯ ಮೇಲೆ ಕಪ್ಪು ಗೆರೆಯೊಂದು ಇಳಿಯುತ್ತಿತ್ತು, ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಅತ್ತಿಗೆಯ ಮನೆಯಲ್ಲಿ ಅಣ್ಣ ಪೇಪರ್ ಹಿಡಿದು ಕೂತಿದ್ದ. ಅತ್ತಿಗೆಯ ತಂಗಿ ಬಂದಿದ್ದಳು. ಅವಳನ್ನು ಎಲ್ಲರೂ ಚಿನ್ನಿ ಎನ್ನುತ್ತಾರೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹುಡುಗಿ, ಮಾತು ಕಮ್ಮಿ. ಅತ್ತಿಗೆ ಖಾಲಿ ಕುಂಡಗಳಿಗೆ ಹೊಸ ಮಣ್ಣು ತುಂಬುತ್ತಿದ್ದರು. ಟೀಚರ ಅವತಾರ ನೋಡಿ ನಗಲು ಹೋದವರು ನನ್ನ ಮುಖ ನೋಡಿ ನಿಲ್ಲಿಸಿದರು.

ನಾನು ಸುತ್ತಿಬಳಸಲಿಲ್ಲ. ಟೀಚರಿಗೂ ಕೀಲಿ ಕೊಟ್ಟಿದ್ದಿರಾ ಅತ್ತಿಗೆ ಎಂದು ಕೇಳಿದೆ. ಅತ್ತಿಗೆ ಕೈಯ ಮಣ್ಣು ಕೊಡವಿಕೊಂಡು, ಕೊಟ್ಟರೇನಾಯಿತು, ನೀನು ಮರೆತರೆ ಇರಲಿ ಎಂದು ಕೊಟ್ಟಿದ್ದೆ ಎಂದರು. ತಪ್ಪು ಮಾಡಿದವರ ದನಿಯಲ್ಲ, ಜಾಣತನ ಮಾಡಿದವರ ದನಿ. ಆಗ ಸೋಫಾದ ಮೂಲೆಯಿಂದ ಚಿನ್ನಿಯ ದನಿ ಬಂತು.

“ಅಕ್ಕಾ, ನಾನೂ ಸಂಜೆ ಸಂಜೆ ಬಂದು ಹಾಕ್ತಿದ್ದೆ” ಎಂದಳು. ನಮ್ಮಿಬ್ಬರನ್ನು ನೋಡಿ, “ಮಣ್ಣು ಒದ್ದೆ ಇದೆ ಅಂತ ಮೊದಲ ದಿನವೇ ಅಕ್ಕನಿಗೆ ಹೇಳಿದ್ದೆ. ಸೋಮಾರಿ ಅಂತ ಬೈದಳು. ಆಮೇಲೊಂದು ದಿನ ಫೋನ್ ಮಾಡಿ, ನೀರು ಸಾಲ್ತಿಲ್ಲ, ನೀನು ಇನ್ನೊಂದು ಮಗ್ ಜಾಸ್ತಿ ಹಾಕು ಅಂದಳು” ಎಂದಳು.

 ಟೀಚರ್ ಮೆಲ್ಲಗೆ, ನನಗೂ ಅದನ್ನೇ ಹೇಳಿದ್ದಿರಿ, ಎದುರುಮನೆಯವರು ಅಂತ ಮುಲಾಜಿಗೆ ಹಾಕಿದೆ ಎಂದರು. ಅಣ್ಣ ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದ. ಮೂರು ನಕಲಿ ಕೀಲಿ ಮಾಡಿಸಿ ತಂದವನು ಅವನೇ ಎಂದು ಆಗ ಗೊತ್ತಾಯಿತು. ಗೊತ್ತಿದ್ದೂ ಸುಮ್ಮನಿದ್ದೆಯಾ ಎಂದರೆ, ನನಗೇನು ಗೊತ್ತು, ನಿಮ್ಮ ಅತ್ತಿಗೆ ಹೇಳಿದರು, ಮಾಡಿಸಿದೆ ಎಂದ. ಇಡೀ ಊರು ತಂಗಿಯ ಕೈಯನ್ನು ಬೈಯುವಾಗ ಇವನು ಪೇಪರಿನಲ್ಲಿ ಹವಾಮಾನ ಓದುತ್ತಿದ್ದ.

ಅತ್ತಿಗೆ ಇನ್ನೂ ಸೋಲಲಿಲ್ಲ. ಕಾರ್ಖಾನೆಯಲ್ಲಿ ಹೀಗೇ ಮಾಡುವುದು, ಮೂವರಿಗೂ ಒಬ್ಬರ ವಿಷಯ ಒಬ್ಬರಿಗೆ ಗೊತ್ತಿಲ್ಲದಿದ್ದರೇ ಕೆಲಸ ಸರಿಯಾಗಿ ಆಗುವುದು ಎಂದರು. ನನಗೆ ತಡೆಯಲಾಗಲಿಲ್ಲ. ಮಾತ್ರೆಯನ್ನು ಮೂರು ಸಲ ಎಣಿಸಿದರೆ ಮಾತ್ರೆ ಹೆಚ್ಚಾಗುವುದಿಲ್ಲ, ನೀರನ್ನು ಮೂರು ಸಲ ಹಾಕಿದರೆ ನೀರು ಹೆಚ್ಚಾಗುತ್ತದೆ, ಇಷ್ಟು ತಿಳಿಯಲು ಟೀಚರ ಗಣಿತವೂ ಬೇಕಿಲ್ಲ ಎಂದೆ. ಅತಿಯಾದರೆ ಅಮೃತವೂ ವಿಷ ಎಂಬುದನ್ನು ಔಷಧಿ ಮಾಡುವವರಿಗೆ ಹೇಳಿಕೊಡಬೇಕೇ ಎಂದೂ ಕೇಳಿದೆ.  ಆದರೆ ನನಗೆ ಉರಿದದ್ದು ನೀರಿನ ಲೆಕ್ಕಕ್ಕಲ್ಲ.

“ಮೂರು ಜನ ನಿಮಗೆ ನಿಜ ಹೇಳಿದ್ವಿ ಅತ್ತಿಗೆ. ಮೂರು ಜನರೂ ಒಂದೇ ಮಾತು ಹೇಳಿದ್ವಿ. ನೀವು ಮೂರೂ ಜನ ಸುಳ್ಳು ಹೇಳ್ತಿದ್ದಾರೆ ಅಂದುಕೊಂಡ್ರಿ. ಒಬ್ಬರನ್ನ ನಂಬಿದ್ದಿದ್ರೂ ಗಿಡ ಉಳೀತಿತ್ತು.”

ಅತ್ತಿಗೆ ಕುಂಡದ ಪಕ್ಕ ನೆಲದ ಮೇಲೇ ಕೂತುಬಿಟ್ಟರು.  ನನಗೆ ಕನಿಕರ ಬಂತೇ ಎಂದು ಕೇಳಿದರೆ, ಇಲ್ಲ, ಬರಲಿಲ್ಲ. ನಾನು ಫೋನ್ ಎತ್ತಿ ಅವರ ಕೈಗೆ ಕೊಟ್ಟೆ. ಲೈಬ್ರರಿ ಮೇಡಮ್ಮಿಗೆ ಈಗಲೇ ಫೋನ್ ಮಾಡಿ, ಗಿಡ ಸತ್ತದ್ದು ಯಾಕೆ ಎಂದು ನಿಮ್ಮ ಬಾಯಿಂದಲೇ ಹೇಳಿ, ಉಳಿದ ಕಟ್ಟಡಕ್ಕೆ ನಿಧಾನವಾಗಿ ಹೇಳಿದರೆ ಸಾಕು ಎಂದೆ. ನಾಳೆ ಹೇಳುತ್ತೇನೆ ಎಂದರು. ಟೀಚರ್ ಪ್ಲಾಸ್ಟಿಕ್ ಟೋಪಿಯ ಕೆಳಗಿನಿಂದ ಅವರನ್ನು ನೋಡಿದ ರೀತಿಗೆ, ಒಂದು ಕಾಲದಲ್ಲಿ ಇಡೀ ತರಗತಿ ಹಾಗೇ ಎದ್ದು ನಿಲ್ಲುತ್ತಿದ್ದಿರಬೇಕು. ಅತ್ತಿಗೆ ನಂಬರ್ ಒತ್ತಿದರು. ಎಲ್ಲರಿಗೂ ಕೇಳಲಿ ಎಂದು ನಾನು ಸ್ಪೀಕರ್ ಹಾಕಿದೆ.

ಹೇಳಿದರು, ಅಷ್ಟು ನ್ಯಾಯ ಮಾಡಿದರು. ನೀರು ಹೆಚ್ಚಾಗಿ ಸತ್ತದ್ದು, ಪುಟ್ಟಿಯ ಕೈಯಿಂದಲ್ಲ, ಅವಳು ಮೊದಲೇ ಎಚ್ಚರಿಸಿದ್ದಳು, ನಾನೇ ನಂಬಲಿಲ್ಲ ಎಂದರು.  ನನ್ನ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದ ಹಾಗಾಯಿತು. ನಾಳೆಯೇ ಮೇಡಂ ಬರುತ್ತಾರೆ, ಬೆಳಕು ಚೆನ್ನಾಗಿರುವಾಗ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರಿಸುತ್ತೇನೆ ಎಂದೆಲ್ಲ ಆ ಒಂದು ಗಳಿಗೆಯಲ್ಲಿ ಯೋಚಿಸಿಬಿಟ್ಟೆ.



“ನಾನು ನಿನ್ನೆ ಕತ್ತರಿಸಿಕೊಂಡು ಬಂದೆ” ಎಂದರು ಮೇಡಂ. “ನೀವೇ ಹೇಳಿದ್ರಲ್ಲ, ಆ ಗಾಜಿನ ಬಾಗಿಲಿನ ಪಾರ್ಲರ್, ಅಲ್ಲಿಗೆ. ಸಮ ಮಾಡ್ತೀವಿ, ಸಮ ಮಾಡ್ತೀವಿ ಅಂತ ಎಲ್ಲಾ ತೆಗೆದುಬಿಟ್ರು. ಕನ್ನಡಿ ನೋಡಿದ್ರೆ ಆಸ್ಪತ್ರೆಯಲ್ಲಿ ಇದ್ದ ಹಾಗೇ ಕಾಣ್ತೀನಿ.”

 ಪುಟ್ಟಿಯನ್ನು ನಾನು ಕೇಳಿದೆ ಅಂತ ಹೇಳಿ ಎಂದು ಮೇಡಂ ಫೋನ್ ಇಟ್ಟರು. ನಾನು ಅಲ್ಲೇ ಇದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ.

ನನ್ನ ಹೆಸರು ಹೋದದ್ದಕ್ಕೆ ಇಷ್ಟು ದಿನ ಕುದಿಯುತ್ತಿದ್ದೆ. ಈಗ ಅದು ದೊಡ್ಡದು ಅನಿಸಲಿಲ್ಲ. ಆ ಮೆತ್ತನೆಯ ಕೂದಲು, ಅದು ಹುಟ್ಟಲು ಅವರು ಪಟ್ಟ ಪಾಡು, ಎಲ್ಲ ಯಾವುದೋ ನೆಲದ ಮೇಲೆ ಬಿದ್ದು ಪೊರಕೆಗೆ ಹೋಯಿತು. ಅದಕ್ಕೆ ಯಾರು ಉತ್ತರ ಕೊಡುತ್ತಾರೆ? ಆಗ ಅಣ್ಣ ಪೇಪರ್ ಮಡಚಿ, ಹೋಗಲಿ ಬಿಡಮ್ಮ, ಕೂದಲು ತಾನೆ, ಮತ್ತೆ ಬೆಳೆಯುತ್ತೆ ಎಂದ. ನಾನು ಅವನ ಜೊತೆ ಎಂದೂ ಜೋರಾಗಿ ಮಾತಾಡಿದವಳಲ್ಲ. ಅವತ್ತು, ನೀನು ಬಾಯಿ ಮುಚ್ಚಿಕೊಂಡಿರು, ಇಷ್ಟು ದಿನ ಮುಚ್ಚಿಕೊಂಡಿದ್ದೆಯಲ್ಲ, ಹಾಗೇ ಇರು ಎಂದೆ. ಅವನು ಕೂತಲ್ಲೇ ಕುಗ್ಗಿದ. ನನಗೆ ಪಶ್ಚಾತ್ತಾಪವಿಲ್ಲ.

ಟೀಚರ ತಲೆ ತೊಳೆಯುವ ಹೊತ್ತು ಮೀರುತ್ತಿತ್ತು. ನಾವು ಎದ್ದೆವು. ಚಪ್ಪಲಿ ಮೆಟ್ಟುವಾಗ ಅತ್ತಿಗೆ ಬಾಗಿಲ ತನಕ ಬಂದರು. ಕಣ್ಣು ಕೆಂಪಾಗಿತ್ತು, ಉಗುರಲ್ಲೆಲ್ಲ ಮಣ್ಣು. ಹೊಸ ಗಿಡ ತರುತ್ತೇನೆ, ಮುಂದಿನ ಸಲ ಊರಿಗೆ ಹೋಗುವಾಗ ನಿನಗೊಬ್ಬಳಿಗೇ ಕೀಲಿ ಕೊಡುತ್ತೇನೆ, ಬೇರೆ ಯಾರಿಗೂ ಇಲ್ಲ ಎಂದರು. ಅದು ಅವರ ಕ್ಷಮಾಪಣೆ. ಅದಕ್ಕಿಂತ ದೊಡ್ಡದು ಅವರಲ್ಲಿ ಇರಲಿಲ್ಲ ಎಂದು ನನಗೆ ಗೊತ್ತು.

“ಕೀಲಿ ಬೇಡ ಅತ್ತಿಗೆ” ಎಂದೆ. “ನಾನು ಹೇಳಿದ್ದನ್ನ ನಂಬಿ, ಅಷ್ಟು ಸಾಕು.”

“ನಂಬ್ತೀನಿ ಕಣೇ ಪುಟ್ಟಿ, ಇನ್ಮೇಲೆ ಖಂಡಿತ ನಂಬ್ತೀನಿ” ಎಂದರು.

ನಾನು ನಂಬಲಿಲ್ಲ.